‘ದೂರು ಇಲ್ಲ’ ಎಂಬ ಕಾಲಂ

ಹೋದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ, ಕೇರಳದ ಗಡಿನಾಡಾದ ಕಾಸರಗೋಡಿನ ನಮ್ಮ ಪಂಚಾಯತಿನ ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ, ಹಾಸಿಗೆ ಹಿಡಿದವರ ನೋವು ತಗ್ಗಿಸುವ) ಮನೆ ಆರೈಕೆ ಸೇವೆ ಹೇಗೆ ನಡೆಯುತ್ತಿದೆ ಎಂದು ನೋಡಲು ಒಂದು ತಂಡ ಬಂದಿತ್ತು. ಅವರ ಜೊತೆ ನಾನು ಹನ್ನೊಂದು ದಿನ ಮನೆ ಮನೆ ಸುತ್ತಿದೆ. ಶಾಲೆಯಿಂದ ನಿವೃತ್ತಳಾದ ಮೇಲೆ ಆರು ವರ್ಷಗಳಿಂದ ಈ ಸೇವೆಯಲ್ಲಿ ಸ್ವಯಂಸೇವಕಿಯಾಗಿ ದುಡಿಯುತ್ತಿರುವ ಕಾರಣ ದಾರಿ ತೋರಿಸುವುದಕ್ಕೂ, ಕನ್ನಡ ಮತ್ತು ತುಳು ಮಾತನಾಡುವ ಮನೆಗಳಲ್ಲಿ ದುಭಾಷಿಯಾಗಿ ನಿಲ್ಲುವುದಕ್ಕೂ ನನ್ನನ್ನು ಕರೆದಿದ್ದರು. ತಂಡದ ಮೂವರೂ ತಾಳ್ಮೆಯವರು. ಸುರಿಯುವ ಮಳೆಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲುಗಳನ್ನು ಹತ್ತಿಳಿದು, ಒಂದು ದಿನವೂ ಗೊಣಗದೆ ಕೆಲಸ ಮಾಡಿದವರು. ಅವರ ಬಗ್ಗೆ ನನಗೆ ಗೌರವವೇ ಇದೆ. ಅವರ ಕೈಗೆ ಯಾರೋ ಕೊಟ್ಟು ಕಳುಹಿಸಿದ್ದ ನಮೂನೆಯ ಬಗ್ಗೆ, ಅದರಲ್ಲೂ ಕೊನೆಯ ಪುಟದಲ್ಲಿದ್ದ ‘ದೂರು ಇದೆ, ದೂರು ಇಲ್ಲ’ ಎಂಬ ಕಾಲಂನ ಬಗ್ಗೆ ಮಾತ್ರ ನನಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುವುದಿದೆ.

ಮೂರನೆಯ ದಿನ ನಾವು ಹೋದ ಒಂದು ಮನೆ ಗೇರು ಗುಡ್ಡೆಯ ಬುಡದಲ್ಲಿದೆ. ಅಲ್ಲಿ ಮೂವತ್ತನಾಲ್ಕು ವರ್ಷದ ಮಗ ಹುಟ್ಟಿದಂದಿನಿಂದ ಮಲಗಿದಲ್ಲೇ ಇದ್ದಾನೆ. ಅವನನ್ನು ನೋಡಿಕೊಳ್ಳುವ ತಾಯಿಗೆ ಅರುವತ್ತು ದಾಟಿದೆ. ತಂಡದವರು ಮಲಯಾಳದಲ್ಲಿದ್ದ ಪ್ರಶ್ನೆಗಳನ್ನು ಓದಿದರು, ನಾನು ತುಳುವಿನಲ್ಲಿ ಕೇಳಿದೆ. ನರ್ಸ್ ತಿಂಗಳಿಗೊಮ್ಮೆ ಬರುತ್ತಾರೆಯೇ? ಬರುತ್ತಾರೆ. ಮದ್ದು ಸಿಗುತ್ತದೆಯೇ? ಸಿಗುತ್ತದೆ. ಏರ್ ಬೆಡ್ ಕೊಟ್ಟಿದ್ದಾರೆಯೇ? ಕೊಟ್ಟಿದ್ದಾರೆ. ಪಿಂಚಣಿ ಇದೆಯೇ? ಇದೆ. ಕೊನೆಗೆ, ‘ತೊಂದರೆ ಏನೂ ಇಲ್ಲವಲ್ಲ?’ ಎಂಬ ಪ್ರಶ್ನೆ. ಆ ತಾಯಿ ಬಾಗಿಲ ಬಳಿ ನಿಂತಿದ್ದ ನರ್ಸಿನ ಕಡೆಗೊಮ್ಮೆ ನೋಡಿದರು, ಸೆರಗಿನಲ್ಲಿ ಮುಖ ಒರೆಸಿಕೊಂಡರು, ‘ದಾಲಾ ತೊಂದರೆ ಇಜ್ಜಿ’, ಏನೂ ತೊಂದರೆ ಇಲ್ಲ, ಎಂದರು. ಹನ್ನೆರಡು ನಿಮಿಷದಲ್ಲಿ ನಮೂನೆ ತುಂಬಿತು.

ಹೊರಗೆ ಬಂದು ಕೊಡೆ ಬಿಡಿಸುವಾಗ ಅಂಗಳದ ಬದಿಯ ಸೌದೆ ರಾಶಿಯ ಮೇಲೆ ಹೊದೆಸಿದ್ದ ತೆಳು ಹಳದಿ ಬಣ್ಣದ ಪ್ಲಾಸ್ಟಿಕ್ ಹಾಸೊಂದು ನನ್ನ ಕಣ್ಣಿಗೆ ಬಿತ್ತು. ಮೈತುಂಬ ಸಾಲು ಸಾಲಾಗಿ ಗುಳ್ಳೆಗಳು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ತೆಂಗಿನ ಕೊತ್ತಳಿಗೆ ಹೇರಿದ್ದರು. ನಮೂನೆಯಲ್ಲಿ ಆಗಷ್ಟೇ ‘ಕೊಟ್ಟಿದ್ದಾರೆ’ ಎಂದು ಗುರುತು ಹಾಕಿಸಿಕೊಂಡಿದ್ದ ಏರ್ ಬೆಡ್ ಅದು. ಈ ಹಾಸಿಗೆಯ ಗುಣವಿರುವುದು ಅದರ ಮೋಟಾರಿನಲ್ಲಿ. ಒಂದು ಸಾಲಿನ ಗುಳ್ಳೆಗಳಿಗೆ ಗಾಳಿ ತುಂಬಿ ಇನ್ನೊಂದು ಸಾಲಿನಿಂದ ಗಾಳಿ ತೆಗೆಯುವುದನ್ನು ಅದು ಹಗಲಿರುಳು ಮಾಡುತ್ತಿದ್ದರೆ ಮಾತ್ರ ಮಲಗಿದವನ ಮೈಭಾರ ಒಂದೇ ಜಾಗದಲ್ಲಿ ಕೂರದೆ ಅತ್ತಿತ್ತ ಹಂಚಿಹೋಗುತ್ತದೆ, ಬೆನ್ನು ಹುಣ್ಣಾಗುವುದಿಲ್ಲ. ಆ ಮನೆಗೆ ಬರುವ ಕರೆಂಟಿನ ಏರಿಳಿತಕ್ಕೆ ಮೋಟಾರು ಎರಡನೆಯ ತಿಂಗಳೇ ಸುಟ್ಟುಹೋಗಿತ್ತು. ಮೋಟಾರಿಲ್ಲದ ಹಾಸಿಗೆಯಲ್ಲಿ ಮಗ ಬೆವರುತ್ತಾನೆಂದು ತಾಯಿ ಅದನ್ನು ತೆಗೆದು ಹಳೆಯ ಹತ್ತಿಯ ಹಾಸಿಗೆಯನ್ನೇ ಹಾಸಿದ್ದರು. ಮಳೆಗಾಲ ಬಂದಾಗ ಆ ಪ್ಲಾಸ್ಟಿಕ್ಕು ಸೌದೆಗಾಯಿತು.

ತಂಡ ಮುಂದಿನ ಮನೆಗೆ ಹೊರಟ ಮೇಲೆ ನರ್ಸ್ ನನ್ನನ್ನು ಹಿಂದೆ ನಿಲ್ಲಿಸಿ, ‘ಟೀಚರೇ, ಇದನ್ನು ನೋಡಿ’ ಎಂದು ತನ್ನ ಚೀಲದಿಂದ ಉದ್ದನೆಯ ನೋಟ್ ಪುಸ್ತಕ ತೆಗೆದರು. ಅದರಲ್ಲಿ ಆ ಹುಡುಗನ ಹೆಸರಿನ ಪುಟವಿತ್ತು. ಏಪ್ರಿಲ್‌ನಲ್ಲಿ ಸೊಂಟದ ಕೆಳಗಿನ ಹುಣ್ಣು 2 ಸೆಂಟಿಮೀಟರ್, ಮೇ ತಿಂಗಳಲ್ಲಿ 3, ಜೂನ್‌ನಲ್ಲಿ 4.5. ಪ್ರತಿ ಸಲ ಅಳತೆಪಟ್ಟಿ ಹಿಡಿದು ಅಳೆದು, ನೀಲಿ ಶಾಯಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿದ್ದರು. ಮೋಟಾರಿನ ವಿಷಯವನ್ನು ಎರಡು ಮಾಸಿಕ ಸಭೆಗಳಲ್ಲಿ ಹೇಳಿದ್ದೆ ಎಂದರು. ದುರಸ್ತಿಯ ಖರ್ಚು ಯಾವ ಲೆಕ್ಕದಿಂದ ಎಂಬುದು ತೀರ್ಮಾನವಾಗದೆ ಮಾತು ಅಲ್ಲೇ ನಿಂತಿತಂತೆ.

ನಾನು ಇಷ್ಟು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳು. ಅಂಕ ಕೊಡುವವರು ಯಾವ ಪ್ರಶ್ನೆ ಕೇಳಿದರು ಎಂಬುದರಲ್ಲೇ ಅರ್ಧ ಫಲಿತಾಂಶ ಅಡಗಿರುತ್ತದೆ ಎಂಬುದು ನನಗೆ ಹೊಸತಲ್ಲ. ಆದರೂ ಆ ದಿನ ನರ್ಸಿನ ಪುಸ್ತಕ ಮತ್ತು ತಂಡದ ನಮೂನೆ ಎರಡನ್ನೂ ಅಕ್ಕಪಕ್ಕ ಕಂಡಾಗ ಎದೆ ಭಾರವಾಯಿತು. ಬೇಕಾದ ಮಾಹಿತಿ ಅಳೆದು ಬರೆದು ಸಿದ್ಧವಾಗಿತ್ತು, ಸೇವೆ ಸೋಲುತ್ತಿದೆ ಎಂದು ತಿಂಗಳು ತಿಂಗಳೂ ಹೇಳುತ್ತಿತ್ತು. ಅದನ್ನು ಬರೆದುಕೊಳ್ಳಲು ನಮೂನೆಯಲ್ಲಿ ಒಂದು ಗೆರೆಯ ಜಾಗವೂ ಇರಲಿಲ್ಲ.

ಆರೋಗ್ಯ ಸೇವೆಯ ಗುಣಮಟ್ಟವನ್ನು ಹೇಗೆ ಅಳೆಯಬೇಕು ಎಂಬ ಬಗ್ಗೆ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯ 1966ರಲ್ಲಿ ಒಂದು ಲೇಖನ ಬರೆದರು. ಸೌಕರ್ಯ ಏನಿದೆ, ಕೆಲಸ ಹೇಗೆ ನಡೆಯಿತು, ಅದರಿಂದ ರೋಗಿಗೆ ಏನಾಯಿತು ಎಂಬ ಮೂರು ಕಡೆಗಳಿಂದ ನೋಡಬೇಕು ಎಂಬ ಅವರ ವಿಂಗಡಣೆಯನ್ನು ಇಂದಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ಗೇರು ಗುಡ್ಡೆಯ ಬುಡದ ಆ ಮನೆಗೆ ಹೊಂದಿಸಿ ಹೇಳುವುದಾದರೆ ಹಾಸಿಗೆ ಕೊಟ್ಟದ್ದು ಮೊದಲನೆಯದು, ನರ್ಸ್ ಬಂದು ಹೋದದ್ದು ಎರಡನೆಯದು, ಹುಣ್ಣಿನ ಅಳತೆ ಮೂರನೆಯದು. ಮೊದಲ ಎರಡನ್ನು ಕೇಳಿ ಮೂರನೆಯದನ್ನು ಬಿಟ್ಟ ನಮೂನೆಯಲ್ಲಿ ಆ ಮನೆಗೆ ಪೂರ್ಣ ಅಂಕ ಸಿಕ್ಕಿತು.

ಇನ್ನು ಆ ತಾಯಿ ‘ತೊಂದರೆ ಇಲ್ಲ’ ಎಂದದ್ದೇಕೆ? ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ, ಆಮೇಲೆ ಅವರನ್ನೇ ಕೇಳಿಯೂ ಇದ್ದೇನೆ. ಒಂದು, ಪ್ರಶ್ನೆಯೇ ಉತ್ತರವನ್ನು ಬಾಯಿಗಿಟ್ಟಿತ್ತು. ಇಲ್ಲವಲ್ಲ ಎಂದು ಕೇಳಿದರೆ ಇಲ್ಲ ಎನ್ನುವುದು ನಮ್ಮ ಕಡೆಯ ಮರ್ಯಾದೆ. ಅದಕ್ಕಿಂತ ಮುಖ್ಯವಾಗಿ, ನರ್ಸ್ ಎದುರಿಗೇ ನಿಂತಿದ್ದರು. ತಿಂಗಳಿಗೊಮ್ಮೆ ಬಂದು ಮಗನ ಮೈ ಒರೆಸಿ, ಟ್ಯೂಬ್ ಬದಲಿಸಿ, ಒಂದು ಲೋಟ ಹಾಲು ಹಾಕದ ಕಣ್ಣ ಚಾ ಕುಡಿದು ಹೋಗುವ ಆ ಹೆಣ್ಣುಮಗಳು ಆ ಮನೆಗೆ ಮಗಳಂತೆ. ದೂರು ಹೇಳಿದರೆ ಅದು ಅವಳ ತಲೆಗೆ ಬರುತ್ತದೆ ಎಂಬ ಭಯ ತಾಯಿಗೆ ನಿಜವಾಗಿಯೂ ಇತ್ತು. ಪಿಂಚಣಿ ನಿಂತುಹೋದೀತೆಂಬ ಅಂಜಿಕೆ ಇನ್ನೊಂದು. ಸರಕಾರಿ ಕಾಗದ ಹಿಡಿದು ಬಂದವರು ಯಾರು, ಯಾವುದಕ್ಕೆ ಬಂದರು ಎಂದು ಅವರಿಗೆ ಯಾರೂ ಅವರ ಭಾಷೆಯಲ್ಲಿ ಬಿಡಿಸಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಪ್ರಶ್ನೆಗಳನ್ನು ಮಾತ್ರ ತುಳುವಿಗೆ ತಂದಿದ್ದೆ.

ಕಾಸರಗೋಡಿನಲ್ಲಿ ಭಾಷೆಯ ವಿಷಯವೆತ್ತಿದ ಕೂಡಲೇ ಅದನ್ನು ರಾಜಕೀಯವೆಂದು ಬದಿಗಿಡುವವರಿದ್ದಾರೆ. ಆರೈಕೆಯ ಮಟ್ಟಿಗೆ ಅದು ನೋವನ್ನು ಹೇಳಿಕೊಳ್ಳುವ ಸಾಮರ್ಥ್ಯದ ಪ್ರಶ್ನೆ. ‘ಉರಿ’, ‘ಸೆಳೆತ’, ‘ಚುಚ್ಚಿದ ಹಾಗೆ’, ‘ಜೋಮು’ ಎಂಬ ನಾಲ್ಕು ಮಾತುಗಳ ನಡುವಿನ ವ್ಯತ್ಯಾಸ ಕೇಳುವವರಿಗೆ ತಿಳಿಯದಿದ್ದರೆ ಮದ್ದೂ ತಪ್ಪುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಭಾಷಾ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಅರ್ಜಿಗಳಲ್ಲಿ ನಾವು ಅದನ್ನು ಬಳಸುತ್ತೇವೆ, ಆದರೆ ಸೇವೆ ಹೇಗಿದೆ ಎಂದು ಸರಕಾರವೇ ನಮ್ಮನ್ನು ಕೇಳಲು ಬಂದಾಗ ಆ ನೆನಪು ಎರಡೂ ಕಡೆಯವರಿಗೆ ಆಗುವುದಿಲ್ಲ. ಹೀಗಾಗಿ ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಿದ್ದು, ಅಂಜಿಕೆಯಿಂದ ಸುಮ್ಮನಾದದ್ದು, ನಿಜವಾಗಿಯೂ ತೃಪ್ತಿಯಾದದ್ದು, ಈ ಮೂರೂ ಒಂದೇ ಕಾಲಂನಲ್ಲಿ ಒಂದೇ ಗುರುತಾಗಿ ಸೇರಿಕೊಳ್ಳುತ್ತವೆ. ಗಡಿನಾಡಿನಲ್ಲಿ ‘ದೂರು ಇಲ್ಲ’ ಎಂಬುದನ್ನು ಸೇವೆಯ ಅಳತೆಯಾಗಿ ನಂಬಬಾರದು ಎನ್ನುವುದು ಇದೇ ಕಾರಣಕ್ಕೆ.

ಆ ಹನ್ನೊಂದು ದಿನಗಳಲ್ಲಿ ಕೆಲವು ಮನೆಗಳ ಎದುರು ‘ಬಾಗಿಲು ಹಾಕಿದೆ’ ಎಂದು ಬರೆದು ಮುಂದೆ ಹೋದದ್ದೂ ಉಂಟು. ಅವುಗಳಲ್ಲಿ ಹೆಚ್ಚಿನವು ಕೊರಗ ಬುಡಕಟ್ಟಿನವರ ಮನೆಗಳು. ಬುಟ್ಟಿ ಹೆಣೆಯುವ ಬಳ್ಳಿ ತರಲು ಬೆಳಗ್ಗೆಯೇ ಕಾಡಿಗೆ ಹೋದವರು ಸಂಜೆಯಲ್ಲದೆ ಸಿಗುವುದಿಲ್ಲ ಎಂಬುದು ವಾರ್ಡಿನ ಆಶಾ ಕಾರ್ಯಕರ್ತೆಗೆ ಗೊತ್ತಿತ್ತು, ಸಮಯ ನಿಗದಿ ಮಾಡಿದವರಿಗೆ ಗೊತ್ತಿರಲಿಲ್ಲ. ಸೇವೆ ತಲುಪದವರೇ ಲೆಕ್ಕದಿಂದಲೂ ಹೊರಗೆ ಉಳಿದರೆ ಸರಾಸರಿ ತಾನಾಗಿಯೇ ಚಂದ ಕಾಣುತ್ತದೆ.

ಮೇಲ್ವಿಚಾರಣೆ ಎಂದರೇನು ಎಂಬುದನ್ನು ಕಾಸರಗೋಡಿನವರು ಹೊರಗಿನಿಂದ ಕಲಿಯಬೇಕಾದುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಚಿಕಿತ್ಸಾಲಯಕ್ಕೆ ಬರುವ ರೋಗಿಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಒಂದೇ ಸುತ್ತಿನ ಮನೆಗಳಿಂದ ಕ್ಯಾನ್ಸರ್, ಮಾನಸಿಕ ತೊಂದರೆ, ಹುಟ್ಟಿನಿಂದ ಬಂದ ವೈಕಲ್ಯ ಅಸಹಜವಾಗಿ ಹೆಚ್ಚು ಬರುತ್ತಿದ್ದವು. ಅದೇ ಪಂಚಾಯತಿನ ಪಡ್ರೆ ಊರಿನ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಅದಕ್ಕೂ ಮೊದಲೇ ವಿಕಲವಾಗಿ ಹುಟ್ಟುವ ಕರುಗಳನ್ನು ಕಂಡು ಬರೆದಿದ್ದರು. ಯಾವ ನಮೂನೆಯೂ ಕೇಳದೇ ಇದ್ದುದನ್ನು ಇವರು ಹತ್ತಿರದಿಂದ ನೋಡಿ ಬರೆದಿಟ್ಟರು. ಸಿಂಪಡಣೆ 2000ದಲ್ಲಿ ನಿಂತದ್ದರ ಹಿಂದೆ ಇಂಥ ಬರಹಗಳೂ ಜನರ ಹೋರಾಟವೂ ಇವೆ.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಮಾಡಿದ ಅಧ್ಯಯನ ನನಗೆ ಈಗಲೂ ಮಾದರಿಯಾಗಿ ಕಾಣುತ್ತದೆ. ಅವರು ಪಡ್ರೆಯ ಮಕ್ಕಳನ್ನು ಮಾತ್ರ ಪರೀಕ್ಷಿಸಿ ತೀರ್ಪು ಕೊಡಲಿಲ್ಲ. ಸಿಂಪಡಣೆ ನಡೆಯದ ಮೀಂಜ ಪಂಚಾಯತಿನ ಮಕ್ಕಳನ್ನೂ ಪರೀಕ್ಷಿಸಿ ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಗೇರು ತೋಟದ ಬುಡದ ಊರಿನ 117 ಗಂಡು ಮಕ್ಕಳನ್ನೂ ಹೋಲಿಕೆಗೆ 90 ಮಕ್ಕಳನ್ನೂ ನೋಡಿದ ವಿವರವಿದೆ. ರಕ್ತದಲ್ಲಿ ಎಂಡೋಸಲ್ಫಾನಿನ ಸರಾಸರಿ ಪ್ರಮಾಣ ಮೊದಲ ಗುಂಪಿನಲ್ಲಿ ನೂರು ಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37 ಭಾಗ. ಹೋಲಿಕೆಗೆ ಇನ್ನೊಂದು ಊರು ಇರದೇ ಹೋಗಿದ್ದರೆ ‘ಎಲ್ಲ ಕಡೆಯೂ ಹೀಗೆಯೇ’ ಎಂದು ಹೇಳಿ ಮುಗಿಸುವುದು ಎಷ್ಟು ಸುಲಭವಾಗುತ್ತಿತ್ತು! ನಮ್ಮ ಮನೆ ಆರೈಕೆಯ ಮೌಲ್ಯಮಾಪನಕ್ಕೂ ಇದು ಅನ್ವಯಿಸುತ್ತದೆ: ಕರೆಂಟು ಸರಿಯಿರುವ ವಾರ್ಡಿನ ಏರ್ ಬೆಡ್ಡುಗಳನ್ನೂ ಗುಡ್ಡೆಯ ವಾರ್ಡಿನವುಗಳನ್ನೂ ಬೇರೆ ಬೇರೆ ಎಣಿಸಿದ್ದರೆ ಮೋಟಾರಿನ ಸಂಗತಿ ಒಂದು ತಾಸಿನಲ್ಲಿ ಹೊರಬೀಳುತ್ತಿತ್ತು.

ಎಣಿಕೆ ಮಾಡಿ ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನೂ ಈ ಜಿಲ್ಲೆ ಕಂಡಿದೆ. ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಕೋರ್ಟಿನ ಮುಂದೆ ಬಂದಾಗ 3,704 ಮಂದಿಯ ಪೈಕಿ ಹಣ ತಲುಪಿದ್ದು 8 ಮಂದಿಗೆ ಎಂಬುದು ಬಯಲಾಯಿತು. ಪಟ್ಟಿ ಇತ್ತು, ಹೆಸರುಗಳಿದ್ದವು, ಸಂಖ್ಯೆ ಅಚ್ಚುಕಟ್ಟಾಗಿತ್ತು. ಆಗ ಕೋರ್ಟು ಮುಖ್ಯ ಕಾರ್ಯದರ್ಶಿಯವರು ಪ್ರತಿ ತಿಂಗಳೂ ಸಭೆ ನಡೆಸಿ ಪ್ರಗತಿ ನೋಡಬೇಕೆಂದಿತು. ಆಮೇಲೆ ಚಿಕಿತ್ಸಾ ಸೌಲಭ್ಯಗಳನ್ನು ಖುದ್ದು ನೋಡಿ ವರದಿ ಕೊಡಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಹೇಳಿತು. ಸೇವೆ ಕೊಡುವ ಇಲಾಖೆಯ ಹೊರಗಿನ ಒಂದು ಕಣ್ಣು ಬೇಕು ಎಂಬ ಈ ತೀರ್ಮಾನವನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ.

ಒಳ್ಳೆಯ ನಮೂನೆಗಳು ಇಲ್ಲವೆಂದಲ್ಲ. ಆಸ್ಪತ್ರೆಗಳಿಗಾಗಿ ಕೇಂದ್ರ ಸರಕಾರ ರೂಪಿಸಿರುವ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡದಲ್ಲಿ ಪರಿಶೀಲಕರು ಕಣ್ಣಾರೆ ನೋಡಬೇಕು, ಸಿಬ್ಬಂದಿಯನ್ನು ಕೇಳಬೇಕು, ದಾಖಲೆ ತೆರೆದು ನೋಡಬೇಕು, ರೋಗಿಯನ್ನೂ ಕೇಳಬೇಕು. ಒಬ್ಬರ ಮಾತನ್ನು ಇನ್ನೊಂದು ದಾರಿಯಿಂದ ತಾಳೆ ನೋಡುವ ಕ್ರಮ ಅದು. ಮಾಹಿತಿ ಸ್ಥಳೀಯ ಭಾಷೆಯಲ್ಲಿ, ಸುಲಭವಾಗಿ ತಿಳಿಯುವಂತೆ ಇದೆಯೇ ಎಂಬುದಕ್ಕೂ ಅದರಲ್ಲಿ ಅಂಕವಿದೆ. ನಮ್ಮದೇ ಜಿಲ್ಲೆಯ ಕಯ್ಯೂರಿನ ಕುಟುಂಬ ಆರೋಗ್ಯ ಕೇಂದ್ರ ಈ ಪರೀಕ್ಷೆಯಲ್ಲಿ ಶೇ. 99 ಅಂಕ ಪಡೆದು ದೇಶದ ಮುಂಚೂಣಿಯಲ್ಲಿ ನಿಂತದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ನನ್ನ ಕೊರಗು ಏನೆಂದರೆ, ಆಸ್ಪತ್ರೆಯ ಕಟ್ಟಡದೊಳಗೆ ಇಷ್ಟು ಸೂಕ್ಷ್ಮವಾಗಿ ನಡೆಯುವ ಪರಿಶೀಲನೆ ಮನೆಯೊಳಗಿನ ಹಾಸಿಗೆಯ ಬಳಿಗೆ ಬರುವಷ್ಟರಲ್ಲಿ ಹೌದು, ಇಲ್ಲ ಎಂಬ ಎರಡು ಮಾತಿಗೆ ಇಳಿದುಬಿಡುತ್ತದೆ. 2008ರಲ್ಲಿ ಪಾಲಿಯೇಟಿವ್ ಆರೈಕೆಗೆ ನೀತಿಯೊಂದನ್ನು ಜಾರಿಗೆ ತಂದು ದೇಶಕ್ಕೇ ದಾರಿ ತೋರಿಸಿದ ರಾಜ್ಯದಲ್ಲಿ ಹೀಗಾಗಬಾರದು.

ನಮ್ಮ ರೋಗಿಗಳಲ್ಲಿ ಎಷ್ಟೋ ಮಂದಿ ದೊಡ್ಡ ಚಿಕಿತ್ಸೆಗೆ ಹೋಗುವುದು ಮಂಗಳೂರಿಗೆ ಎಂಬುದನ್ನೂ ಇಲ್ಲಿ ಹೇಳಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ಆರೈಕೆಯ ಎಷ್ಟು ಪಾಲು ಇನ್ನೊಂದು ರಾಜ್ಯದಲ್ಲಿದೆ ಎಂಬುದು ಎಲ್ಲರಿಗೂ ತಿಳಿಯಿತು. ಆದರೂ ಅಲ್ಲಿಂದ ಬಿಡುಗಡೆಯಾಗಿ ಬಂದವರ ಚೀಟಿಯನ್ನು ನೋಡುವ ಪ್ರಶ್ನೆ ನಮ್ಮ ಯಾವ ನಮೂನೆಯಲ್ಲೂ ಇಲ್ಲ.

ಆಟಿಯ ಆ ತಿರುಗಾಟದ ಬಳಿಕ ನಾವು ನಾಲ್ವರು ಸ್ವಯಂಸೇವಕರು ಪಂಚಾಯತಿನ ಅನುಮತಿ ಪಡೆದು ದೀಪಾವಳಿಯ ನಂತರ ಎರಡು ವಾರ್ಡುಗಳಲ್ಲಿ ನಮ್ಮದೇ ಒಂದು ಸುತ್ತು ಹೋದೆವು. ನಮೂನೆಯನ್ನು ಕನ್ನಡದಲ್ಲಿ ಬರೆದು, ತುಳುವಿನಲ್ಲಿ ಕೇಳುವ ಬಗೆಯನ್ನು ಮೊದಲೇ ಬಾಯಿಯಲ್ಲಿ ಹೇಳಿ ನೋಡಿಕೊಂಡೆವು. ನರ್ಸ್ ಇಲ್ಲದ ದಿನ ಹೋದೆವು, ಕೊರಗರ ಮನೆಗಳಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದೆವು. ‘ಏರ್ ಬೆಡ್ ಇದೆಯೇ’ ಎಂದು ಕೇಳುವ ಬದಲು ‘ನಿನ್ನೆ ರಾತ್ರಿ ಯಾವುದರ ಮೇಲೆ ಮಲಗಿಸಿದಿರಿ, ನಾವು ನೋಡಬಹುದೇ’ ಎಂದು ಕೇಳಿದೆವು. ‘ಪಿಂಚಣಿ ಇದೆಯೇ’ ಎಂಬುದರ ಜಾಗದಲ್ಲಿ ‘ಕೊನೆಯ ಸಲ ಹಣ ಬಂದದ್ದು ಯಾವ ತಿಂಗಳು’ ಎಂದು ಕೇಳಿ ಪಾಸ್ ಪುಸ್ತಕ ನೋಡಿದೆವು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಉಂಟು. ಹಲವರ ಪಾಸ್ ಪುಸ್ತಕದಲ್ಲಿ ಅದು ಬಂದು ಬಹಳ ತಿಂಗಳಾಗಿತ್ತು. ಮೊದಲ ಸುತ್ತಿನಲ್ಲಿ ಇವರೆಲ್ಲರೂ ‘ಫಲಾನುಭವಿ: ಹೌದು’ ಆಗಿದ್ದವರು.

ನಾವು ಪಟ್ಟಿ ಒಪ್ಪಿಸಿದಾಗ ಸಭೆಯಲ್ಲಿದ್ದ ಒಬ್ಬ ಅಧಿಕಾರಿ, ‘ಇದರಿಂದ ಕೊನೆಗೆ ಆ ನರ್ಸಿಗೇ ತೊಂದರೆ, ಟೀಚರ್’ ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮೌಲ್ಯಮಾಪನ ಎಂದರೆ ಕೆಳಗಿನ ನೌಕರರ ತಪ್ಪು ಹುಡುಕುವುದು ಎಂಬ ಅಭ್ಯಾಸ ಬೇರೂರಿರುವಲ್ಲಿ ಹುಣ್ಣಿನ ಅಳತೆ ಬರೆಯುವ ಕಾಲಂ ಸೇರಿಸಿದರೆ ಮುಂದೆ ಅಳೆಯುವುದನ್ನೇ ನಿಲ್ಲಿಸುವವರೂ ಬಂದಾರು. ಅದಕ್ಕಾಗಿಯೇ ನಾವು ನರ್ಸಿನ ಎರಡು ಸಭೆಗಳ ಮಾತನ್ನೂ, ದಿನಾಂಕ ಸಮೇತ, ಅದೇ ಪಟ್ಟಿಯಲ್ಲಿ ಮೊದಲಿಗೆ ಬರೆದಿದ್ದೆವು. ಒಬ್ಬ ನರ್ಸ್ ಎಷ್ಟು ಮನೆ ನೋಡಬೇಕು, ಜೀಪು ವಾರದಲ್ಲಿ ಎಷ್ಟು ದಿನ ಸಿಗುತ್ತದೆ ಎಂಬುದೂ ಅದೇ ಪುಟದಲ್ಲಿತ್ತು.

ಗ್ರಾಮಸಭೆಯಲ್ಲಿ ಪಟ್ಟಿಯನ್ನು ಕನ್ನಡದಲ್ಲಿ ಓದಿದೆವು. ಆ ತಾಯಿಗೆ ಮಗನನ್ನು ಬಿಟ್ಟು ಬರಲಾಗದು, ಆದ್ದರಿಂದ ಮರುದಿನ ಅವರ ಮನೆಗೆ ಹೋಗಿ, ಅವರ ಮನೆಯ ಬಗ್ಗೆ ಬರೆದದ್ದನ್ನು ಓದಿ ಹೇಳಿದೆ. ಅವರು ಕೇಳುತ್ತ ಕೇಳುತ್ತ, ಮೋಟಾರು ಸುಟ್ಟ ತಿಂಗಳನ್ನು ನಾವು ತಪ್ಪಾಗಿ ಬರೆದದ್ದನ್ನು ತಿದ್ದಿದರು. ಇನ್ನೂ ಒಂದು ಮಾತು ಸೇರಿಸಿದರು: ಮಗನನ್ನು ಮಗ್ಗುಲಾಗಿಸಲು ತನ್ನೊಬ್ಬಳಿಂದ ಈಗ ಆಗುತ್ತಿಲ್ಲ, ರಾತ್ರಿ ಒಂದು ಸಲವಾದರೂ ಯಾರಾದರೂ ಕೈ ಕೊಟ್ಟರೆ ಹುಣ್ಣು ಒಣಗೀತು. ಎರಡು ಸುತ್ತುಗಳಲ್ಲೂ ಆ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ.

ಮೋಟಾರು ಜನವರಿಯಲ್ಲಿ ಬಂತು, ಜೊತೆಗೆ ಕರೆಂಟಿನ ಏರಿಳಿತ ತಡೆಯುವ ಸ್ಟೆಬಿಲೈಸರ್ ಕೂಡ. ಸೌದೆಯ ಮೇಲಿದ್ದ ಹಾಸಿಗೆ ಬಿಸಿಲಿಗೆ ಸೀಳಿಹೋಗಿದ್ದರಿಂದ ಹೊಸದನ್ನು ಊರಿನವರೇ ಕೂಡಿ ತೆಗೆದುಕೊಟ್ಟರು. ಪಕ್ಕದ ಮನೆಯ ಇಬ್ಬರು ಹುಡುಗರು ಸರದಿಯಲ್ಲಿ ರಾತ್ರಿ ಒಂಬತ್ತಕ್ಕೆ ಬಂದು ಮಗ್ಗುಲಾಗಿಸಿ ಹೋಗುತ್ತಾರೆ. ನರ್ಸಿನ ಪುಸ್ತಕದಲ್ಲಿ ಮಾರ್ಚಿನ ಅಳತೆ 2.5. ಮುಂದಿನ ಮೌಲ್ಯಮಾಪನದ ನಮೂನೆಯಲ್ಲಿ ‘ಉತ್ತರಿಸಿದವರ ಭಾಷೆ’ ಎಂಬ ಕಾಲಂ ಸೇರಿಸಲು ಒಪ್ಪಿದ್ದಾರೆ, ಹುಣ್ಣಿನ ಅಳತೆಯ ಕಾಲಂ ಇನ್ನೂ ‘ಪರಿಶೀಲನೆಯಲ್ಲಿದೆ’. ಅದಕ್ಕಾಗಿ ಹೋದ ಸೋಮವಾರ ಎರಡನೆಯ ಪತ್ರ ಬರೆದಿದ್ದೇನೆ, ಕನ್ನಡದಲ್ಲಿಯೇ, ಪುಸ್ತಕದ ಆ ಪುಟದ ಪ್ರತಿಯನ್ನು ಹೆಸರು ಮರೆಮಾಡಿ ಲಗತ್ತಿಸಿ.